ಒಂದು ಖೋಲಿ, ಒಂದು ಕೊಳಲು, ನಾಲ್ಕು ತಂತಿ: ಮೈಕ್ ಬೇಡದ ಸಂಗೀತ ಅಂದ್ರ ಏನು? ನಮ್ಮೂರಿಗೆ ಯಾಕ ಬೇಕು?

ಹೆಬ್ಬಳ್ಳಿ (ತಾ. ಧಾರವಾಡ): ಹಬ್ಬದ ಮೆರವಣಿಗೆಯಲ್ಲಿ ಡಿಜೆ ಗಾಡಿ ಬಂತಂದ್ರ ಅಂಗಡಿಗಳ ಶಟರ್ ಗಡಗಡ ಅಂತಾವ. ಕಪಾಟಿನ್ಯಾಗಿನ ಗಾಜಿನ ಭರಣಿ ಒಂದಕ್ಕೊಂದು ತಾಗಿ ಸಪ್ಪಳ ಮಾಡ್ತಾವ. ಗಿರಾಕಿ ಕೇಳಿದ್ದು ಸಕ್ಕರಿಯೋ ರವಾನೋ ತಿಳಿಯದೆ ಅಂಗಡಿಯವರು ಕೈಸನ್ನೆಯಲ್ಲೇ ವ್ಯಾಪಾರ ಮಾಡಬೇಕಾಗತೈತಿ.

ಇದಕ್ಕೆ ಪೂರಾ ಉಲ್ಟಾ ಇರುವ ಸಂಗೀತವೂ ಒಂದೈತಿ. ಅದಕ್ಕೆ ತಲೆ ಮೇಲೆ ತಿರುಗುವ ಫ್ಯಾನಿನ ಸಪ್ಪಳವೂ ಅಡ್ಡಿ. ನಾಲ್ಕೈದು ಮಂದಿ ಕಲಾವಿದರು, ಐವತ್ತು ಅರವತ್ತು ಮಂದಿ ಕೇಳುಗರು, ಒಂದು ಖೋಲಿ, ಇಷ್ಟಿದ್ದರೆ ಸಾಕು. ಮೈಕ್ ಬೇಡ, ಪೆಂಡಾಲ್ ಬೇಡ, ಜನರೇಟರ್ ಬೇಡ. ಇಂಗ್ಲಿಷ್‌ನಲ್ಲಿ ಇದಕ್ಕೆ ‘ಚೇಂಬರ್ ಮ್ಯೂಸಿಕ್’ ಅಂತಾರೆ. ಚೇಂಬರ್ ಅಂದ್ರ ಖೋಲಿ. ಹೆಸರು ಹೊರಗಿನದು. ಆದರೆ ಧಾರವಾಡ ಜಿಲ್ಲೆಯ ಮಂದಿಗೆ ಈ ಪದ್ಧತಿ ಹೊಸದಲ್ಲ. ನಮ್ಮಲ್ಲಿ ಇದಕ್ಕೆ ಬೈಠಕ್ ಅಂತ ಹೆಸರು.

ಕೊಳಲು ಮತ್ತು ತಂತಿವಾದ್ಯಗಳ ಈ ಸಣ್ಣ ಕೂಟ ಹೇಗೆ ನಡೀತೈತಿ, ಎಲ್ಲಿಂದ ಬಂತು, ಯಾಕೆ ಕಡಿಮೆ ಆಗ್ಲಿಕತ್ತೈತಿ, ಹೆಬ್ಬಳ್ಳಿಯಂಥ ಊರಾಗ ಒಂದು ಕೂಟ ನಡೆಸಬೇಕಂದ್ರ ಏನೇನು ಬೇಕು? ಇಲ್ಲಿದೆ ಪೂರ್ತಿ ಮಾಹಿತಿ.

ಏನಿದು ಖೋಲಿ ಸಂಗೀತ?

ಮೂರು ಗುರುತು ನೆನಪಿಟ್ಟರೆ ಸಾಕು.

ಒಂದು, ಕಲಾವಿದರು ಕಡಿಮೆ. ಇಬ್ಬರಿಂದ ಹಿಡಿದು ಎಂಟು ಹತ್ತು ಮಂದಿಯವರೆಗೆ.

ಎರಡು, ಒಬ್ಬೊಬ್ಬರದು ಒಂದೊಂದು ಪಾಲು. ದೊಡ್ಡ ಆರ್ಕೆಸ್ಟ್ರಾದಲ್ಲಿ ಇಪ್ಪತ್ತು ವಯೋಲಿನ್ ಒಂದೇ ಸಾಲನ್ನು ನುಡಿಸುತ್ತವೆ. ಅದರಲ್ಲಿ ಒಬ್ಬರು ತಪ್ಪಿದರೆ ಯಾರಿಗೂ ಗೊತ್ತಾಗಲ್ಲ. ಇಲ್ಲಿ ಹಂಗಿಲ್ಲ. ಒಬ್ಬರು ನಿಲ್ಲಿಸಿದರೆ ಆ ಜಾಗ ಖಾಲಿ.

ಮೂರು, ಮುಂದೆ ನಿಂತು ಕೋಲು ಬೀಸುವ ಮುಖಂಡ ಇರೋದಿಲ್ಲ. ಒಬ್ಬರು ಇನ್ನೊಬ್ಬರ ಮುಖ ನೋಡಿ, ಉಸಿರು ಗಮನಿಸಿ ನುಡಿಸಬೇಕು. ಹಂಗಾಗಿ ಹತ್ತಿರ ಕೂರಬೇಕು. ಕೇಳುವವರೂ ಹತ್ತಿರ ಕೂರಬೇಕು.

ಯುರೋಪಿನ ಒಂದು ಹಳೆ ಲೆಕ್ಕ

ಕೊಳಲು ಮತ್ತು ತಂತಿಗೆ ಬರೆದ ಸಂಗೀತದಲ್ಲಿ ಜಗತ್ತಿನ ತುಂಬಾ ಹೆಸರಾದದ್ದು ಮೊಜಾರ್ಟ್‌ನ ಒಂದು ರಚನೆ. ಜರ್ಮನಿಯ ಮ್ಯಾನ್‌ಹೈಮ್ ಪಟ್ಟಣದಲ್ಲಿ 1777ರ ಡಿಸೆಂಬರ್ 25ರ ದಿನಾಂಕ ಹಾಕಿ ಮುಗಿಸಿದ್ದು. ಆಗ ಅವನಿಗೆ 21 ವರ್ಷ. ಅದರಲ್ಲಿ ನಾಲ್ಕೇ ವಾದ್ಯ: ಒಂದು ಕೊಳಲು, ಒಂದು ವಯೋಲಿನ್, ವಯೋಲಿನ್‌ಗಿಂತ ತುಸು ದೊಡ್ಡದಾದ ವಿಯೋಲಾ, ನೆಲಕ್ಕೆ ಊರಿ ನುಡಿಸುವ ಚೆಲ್ಲೊ.

ಬರೆಯಲು ಹೇಳಿದವರು ಡಚ್ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಕೆಲಸ ಮಾಡಿದ್ದ ಡೆಜಾನ್ ಎಂಬ ವೈದ್ಯರು. ಅವರಿಗೆ ಕೊಳಲು ನುಡಿಸುವ ಹವ್ಯಾಸ. ಒಪ್ಪಂದ 200 ಗುಲ್ಡನ್. ಮೊಜಾರ್ಟ್ ಹೇಳಿದಷ್ಟು ಕೆಲಸ ಮುಗಿಸಲಿಲ್ಲ, ಡೆಜಾನ್ 96 ಗುಲ್ಡನ್ ಕೊಟ್ಟು ಕೈ ತೊಳೆದುಕೊಂಡರು. ಅಂದ್ರ ಖೋಲಿ ಸಂಗೀತ ಆಗಲೂ ಹವ್ಯಾಸಿಗಳು, ಉಳ್ಳವರು ತಮ್ಮ ಮನೆಗಾಗಿ ದುಡ್ಡು ಕೊಟ್ಟು ಮಾಡಿಸಿದ್ದು. ಟಿಕೆಟ್ ಮಾರಿ ಬದುಕಿದ್ದು ಆಮೇಲಿನ ಮಾತು.

ಆ ರಚನೆಯ ನಡುವಿನ ನಿಧಾನದ ಭಾಗ ಒಮ್ಮೆ ಮೊಬೈಲ್‌ನಲ್ಲಿ ಹುಡುಕಿ ಕೇಳಿ ನೋಡ್ರಿ. ತಂತಿವಾದ್ಯದವರು ಕಮಾನು ಕೆಳಗಿಟ್ಟು ಬೆರಳಿನಿಂದ ತಂತಿ ಮೀಟುತ್ತಾರೆ. ಮ್ಯಾಲೆ ಕೊಳಲು ಒಂದೇ ಹಾಡುತ್ತ ಹೋಗತೈತಿ. ತಂಬೂರಿ ಕೇಳಿ ಬೆಳೆದ ನಮ್ಮ ಕಡೆ ಮಂದಿಗೆ ಇದು ದೂರದ್ದು ಅನಿಸಲ್ಲ.

ನಮ್ಮ ಬೈಠಕ್ ಎಲ್ಲಿ ನಡೀತಿತ್ತು?

ದೂರ ಹೋಗೋದು ಬೇಡ. ಹುಬ್ಬಳ್ಳಿಯಿಂದ ರೈಲಿನಲ್ಲಿ ಸ್ವಲ್ಪ ಹೊತ್ತಿನ ದಾರಿ, ಕುಂದಗೋಳ. ಅಲ್ಲಿನ ನಾಡಿಗೇರ ವಾಡೆಯಲ್ಲಿ ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ (1872–1937) ಬಂದು ಉಳಿಯುತ್ತಿದ್ದರು. ಕುಂದಗೋಳದವರೇ ಆದ ಸವಾಯಿ ಗಂಧರ್ವರು (1886–1952) ಅವರ ಶಿಷ್ಯರಾದರು. ಸವಾಯಿ ಗಂಧರ್ವರ ಹತ್ತಿರ ಕಲಿಯಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಹೋಗಿ ಬರುತ್ತಿದ್ದರು. ಗದಗದ ಹುಡುಗ ಭೀಮಸೇನ ಜೋಶಿ ಅಲ್ಲೇ ಇದ್ದು ಕಲಿತರು. ಇವರೆಲ್ಲ ಮೊದಲು ಹಾಡಿದ್ದು ವಾಡೆಯ ಪಡಸಾಲೆಯಂಥ ಜಾಗದಲ್ಲಿ, ಎದುರಿಗೆ ಜಮಖಾನದ ಮೇಲೆ ಕೂತ ಮಂದಿಗೆ.

ಧಾರವಾಡದ ಹೆಸರು ಹಾಡಿಗೆ ಮಾತ್ರ ಸೇರಿದ್ದಲ್ಲ, ತಂತಿಗೂ ಅಷ್ಟೇ ಸೇರಿದೆ. ‘ಸಿತಾರರತ್ನ’ ರಹಿಮತ್ ಖಾನ್ ಧಾರವಾಡದಲ್ಲಿ ನೆಲೆ ನಿಂತು ಸಿತಾರ ಕಲಿಸಿದರು. ಅವರ ಗುರು ಬಂದೇ ಅಲಿ ಖಾನ್, ಬೀನ್ ಅಂದ್ರ ರುದ್ರವೀಣೆಯ ದೊಡ್ಡ ವಾದಕರು. ರಹಿಮತ್ ಖಾನರ ಮೊಮ್ಮಗ ಉಸ್ತಾದ್ ಬಾಲೇ ಖಾನ್ (1942–2007) ಸಿತಾರವನ್ನು ಕರ್ನಾಟಕದ ಮೂಲೆ ಮೂಲೆಗೆ ಒಯ್ದರು. ಆ ಮನೆತನದಲ್ಲಿ ಇಂದಿಗೂ ಸಿತಾರ ನಿಂತಿಲ್ಲ.

ಕೊಳಲಿನಲ್ಲೂ ಧಾರವಾಡದ ಪಾಲು ಐತಿ. ಪಂ. ವೆಂಕಟೇಶ ಗೋಡಖಿಂಡಿ ಆಕಾಶವಾಣಿಯ ಕೊಳಲು ವಾದಕರು. ಧಾರವಾಡದಲ್ಲೇ ಹುಟ್ಟಿದ ಅವರ ಮಗ ಪ್ರವೀಣ ಗೋಡಖಿಂಡಿ ಎಂಜಿನಿಯರಿಂಗ್ ಓದಿಯೂ ಕೊಳಲನ್ನೇ ಹಿಡಿದು ಇವತ್ತು ದೇಶ ವಿದೇಶದಲ್ಲಿ ನುಡಿಸುತ್ತಾರೆ.

ಯುರೋಪಿನ ಖೋಲಿ ಸಂಗೀತಕ್ಕೂ ನಮ್ಮ ಬೈಠಕ್‌ಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ಪ್ರತಿ ಸ್ವರ ಕಾಗದದ ಮೇಲೆ ಬರೆದಿರುತ್ತದೆ. ಇಲ್ಲಿ ರಾಗ, ತಾಳ, ಒಂದು ಸಣ್ಣ ಗತ್ತು ಇಷ್ಟು ಗೊತ್ತಿರುತ್ತದೆ. ಉಳಿದದ್ದು ಅಲ್ಲೇ ಕೂತು ಕಟ್ಟಬೇಕು. ಎದುರಿನವರು ‘ವಾಹ್’ ಅಂದ್ರ ಕಲಾವಿದ ಅದೇ ಜಾಗದಲ್ಲಿ ಇನ್ನೆರಡು ಸುತ್ತು ಹಾಕ್ತಾನ. ಸುಮ್ಮನಿದ್ದರೆ ಮುಂದೆ ಹೋಗ್ತಾನ. ಅಂದ್ರ ಬೈಠಕ್‌ನಲ್ಲಿ ಕೇಳುಗನೂ ಅರ್ಧ ಕೆಲಸ ಮಾಡ್ತಾನ.

ಯಾರ್ಯಾರು ಕೂಡ್ತಾರ?

ಕೊಳಲು ಮತ್ತು ತಂತಿಯ ಒಂದು ಸಾದಾ ಕೂಟದಲ್ಲಿ ನಾಲ್ಕು ಜಾಗ ಇರುತ್ತವೆ.

ತಂಬೂರಿ: ಹಿಂದೆ ಕೂರುತ್ತದೆ, ಎಲ್ಲಕ್ಕೂ ತಳಪಾಯ. ನಾಲ್ಕು ತಂತಿ. ಮೊದಲನೇದು ಪಂಚಮ, ನಡುವಿನ ಎರಡು ಷಡ್ಜ, ಕೊನೆಯದು ಕೆಳಗಿನ ಖರ್ಜ ಷಡ್ಜ. ಮಾಲಕೌಂಸದಂಥ ರಾಗದಲ್ಲಿ ಪಂಚಮ ಇಲ್ಲ, ಆಗ ಮೊದಲ ತಂತಿಯನ್ನು ಮಧ್ಯಮಕ್ಕೆ ಇಳಿಸುತ್ತಾರೆ.

ಸಿತಾರ, ವಯೋಲಿನ್ ಅಥವಾ ಸಾರಂಗಿ: ಕೊಳಲಿನ ಜೊತೆಗಾರ. ಸಿತಾರದಲ್ಲಿ ಮೇಲಿನ ತಂತಿಗಳ ಕೆಳಗೆ ಇನ್ನೂ ಹತ್ತಕ್ಕಿಂತ ಹೆಚ್ಚು ‘ತರಬ್’ ತಂತಿ ಇರುತ್ತವೆ. ಅವನ್ನು ಸಾಮಾನ್ಯವಾಗಿ ಮುಟ್ಟಿ ನುಡಿಸೋದಿಲ್ಲ. ಮೇಲಿನ ಸ್ವರ ಸರಿಯಾಗಿ ಬಿದ್ದರೆ ಅವು ತಾವೇ ಕಂಪಿಸುತ್ತವೆ. ಸಾರಂಗಿಯಲ್ಲಿ ಇಂಥ ತಂತಿ 30ಕ್ಕೂ ಹೆಚ್ಚು.

ಕೊಳಲು: ಹಿಂದೂಸ್ತಾನಿಯಲ್ಲಿ ಬಾನ್ಸುರಿ. ಹಳ್ಳಿ ಕಡೆ ದನಗಾಹಿಯ ಕೈಯಲ್ಲಿದ್ದ ಸಣ್ಣ ಕೊಳಲಿನಲ್ಲಿ ರಾಗದ ಮಂದ್ರ ಸ್ವರ ಹೊರಡ್ತಿರಲಿಲ್ಲ. ಪನ್ನಾಲಾಲ್ ಘೋಷ್ (1911–1960) ಎರಡೂವರೆ ಅಡಿಯಷ್ಟು ಉದ್ದದ ದೊಡ್ಡ ಕೊಳಲು ರೂಢಿಗೆ ತಂದ ಮೇಲೆ ಅದು ಕಛೇರಿ ವಾದ್ಯ ಆಯ್ತು.

ತಬಲಾ: ತಾಳದ ಲೆಕ್ಕ ಇದರದು.

ಇಲ್ಲಿ ಒಂದು ಶಬ್ದದ ಮಾತು ಹೇಳಲೇಬೇಕು. ನಮ್ಮ ಕಡೆ ಜವಾರಿ ಅಂದ್ರ ನಾಟಿ. ಜವಾರಿ ಬದನಿಕಾಯಿ, ಜವಾರಿ ಕೋಳಿ ಅಂತೀವಿ. ತಂಬೂರಿಗೂ ಜವಾರಿ ಐತಿ. ತಂತಿ ಹಾದು ಹೋಗುವ ‘ಕುದುರೆ’ಯ ಮೇಲೆ, ತಂತಿಯ ಕೆಳಗೆ, ಸಣ್ಣ ನೂಲಿನ ಎಳೆ ಸೇರಿಸುತ್ತಾರೆ. ಆ ಎಳೆಯನ್ನು ಕೂದಲೆಳೆಯಷ್ಟು ಸರಿಸುತ್ತ ಹೋದರೆ ಒಂದು ಜಾಗದಲ್ಲಿ ತಂತಿ ಜೇನುಹುಳದಂಗ ಗುಂಯ್ ಅಂತೈತಿ. ಅದೇ ಜವಾರಿ. ಅರ್ಥ ಬೇರೆ ಇದ್ದರೂ ರುಚಿಯ ಮಾತು ಒಂದೇ. ಜವಾರಿ ತೆರೆದ ತಂಬೂರಿಯ ಒಂದೇ ತಂತಿಯಿಂದ ಹತ್ತಾರು ಸ್ವರ ಹೊರಡುತ್ತವೆ. ಗಾಯಕ, ಕೊಳಲು ವಾದಕ ಆ ಸ್ವರಗಳ ಒಳಗೆ ತನ್ನ ಜಾಗ ಹುಡುಕ್ತಾನ.

ಧಾರವಾಡ, ಹುಬ್ಬಳ್ಳಿ ಕಡೆಯ ಕಲಾವಿದರಿಗೆ ತಂಬೂರಿ ಅಂದ್ರ ಮೀರಜ್ ನೆನಪಾಗತೈತಿ. ಅಲ್ಲಿನ ಸಿತಾರಮೇಕರ್ ಮನೆತನದವರು ದೊಡ್ಡ ಬುರುಡೆ ಒಣಗಿಸಿ, ಕಟ್ಟಿಗೆ ಕೊರೆದು ತಲೆಮಾರುಗಳಿಂದ ತಂಬೂರಿ, ಸಿತಾರ ಮಾಡುತ್ತಾರೆ. ಮೀರಜ್ ಸಿತಾರ ಮತ್ತು ಮೀರಜ್ ತಂಬೂರಿಗೆ 2024ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ.

ಕೊಳಲಿಗೂ ತಂತಿಗೂ ಯಾಕ ಹೊಂದತೈತಿ?

ಸಿತಾರದ ತಂತಿ ಮೀಟಿದ ಕ್ಷಣ ಸಪ್ಪಳ ಜೋರು. ಆಮೇಲೆ ಇಳಿಯುತ್ತ ಹೋಗಿ ಕರಗತೈತಿ. ಕೊಳಲು ಇದಕ್ಕೆ ವಿರುದ್ಧ. ಉಸಿರು ಇರೋತನಕ ಸ್ವರ ನಿಲ್ಲತೈತಿ, ಬೇಕಂದ್ರ ಬೆಳೆಯತೈತಿ. ಆದರೆ ಉಸಿರು ಮುಗಿದ ಮೇಲೆ ನಿಲ್ಲಿಸಲೇಬೇಕು.

ಹಂಗಾಗಿ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬ್ತಾರ. ಕೊಳಲಿನವರು ಉಸಿರು ಎಳೆದುಕೊಳ್ಳುವಾಗ ಸಿತಾರದವರು ಎರಡು ಸ್ವರ ಇಟ್ಟಿರ್ತಾರ. ಸಿತಾರದ ನಾದ ಕರಗುವಾಗ ಕೊಳಲು ಅದೇ ಸ್ವರವನ್ನು ಎತ್ತಿಕೊಂಡು ಮುಂದೆ ಒಯ್ಯತೈತಿ. ಹಿಂದಿನಿಂದ ತಂಬೂರಿ ನಿಲ್ಲದೆ ನಡೆದಿರತೈತಿ. ಗೊತ್ತಿದ್ದವರು ನುಡಿಸಿದರೆ ಎಲ್ಲಿ ತಂತಿ ಮುಗೀತು, ಎಲ್ಲಿ ಕೊಳಲು ಶುರುವಾತು ಅಂತ ಹೇಳೋದು ಕಷ್ಟ.

ಈ ಜೋಡಿ ಎಷ್ಟು ದೂರ ಹೋಗಬಲ್ಲದು ಅನ್ನೋದಕ್ಕೆ 1967ರ ‘ಕಾಲ್ ಆಫ್ ದಿ ವ್ಯಾಲಿ’ ರೆಕಾರ್ಡ್ ಸಾಕ್ಷಿ. ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು, ಶಿವಕುಮಾರ್ ಶರ್ಮಾ ಅವರ ಸಂತೂರ್, ಬ್ರಿಜ್‌ಭೂಷಣ್ ಕಾಬ್ರಾ ಅವರ ಗಿಟಾರ್, ಜೊತೆಗೆ ತಬಲಾ. ಕಾಶ್ಮೀರದ ಕುರಿಗಾಹಿಯ ಒಂದು ದಿನ ಅದರ ಕಥೆ. ಮುಂಜಾನೆಯ ಅಹೀರ್ ಭೈರವದಿಂದ ಶುರುವಾಗಿ ರಾತ್ರಿಯ ಪಹಾಡಿಗೆ ಮುಗಿಯತೈತಿ. ಭಾರತೀಯ ವಾದ್ಯ ಸಂಗೀತದಲ್ಲಿ ಅತಿ ಹೆಚ್ಚು ಮಂದಿ ಕೇಳಿದ ರೆಕಾರ್ಡ್‌ಗಳಲ್ಲಿ ಇದೂ ಒಂದು. ನುಡಿಸಿದವರು ನಾಲ್ಕೇ ನಾಲ್ಕು ಮಂದಿ.

ಶ್ರುತಿ ಕೂಡಿಸೋದು: ಹಟ ಯಾರದು?

ಕಛೇರಿ ಶುರುವಾಗೋ ಮೊದಲು ಹತ್ತು ಹದಿನೈದು ನಿಮಿಷ ಟುಂಯ್ ಟುಂಯ್ ಅನ್ನೋದನ್ನ ನೋಡಿ ಬೇಸರ ಮಾಡಿಕೊಳ್ಳೋರು ಭಾಳ. ಆದರೆ ಅಲ್ಲೇ ಅರ್ಧ ಕೆಲಸ ನಡೀತಿರತೈತಿ.

ತಂತಿಯನ್ನು ಬಿಗಿ ಮಾಡಬಹುದು, ಸಡಿಲ ಮಾಡಬಹುದು. ಬಿದಿರಿಗೆ ತೂತು ಕೊರೆದ ಮೇಲೆ ಮುಗೀತು, ಅದರ ಶ್ರುತಿ ಅದೇ. ಊದುವ ರೀತಿಯಿಂದ ತುಸು ಏರಿಳಿಸಬಹುದು ಅಷ್ಟೇ. ಹಂಗಾಗಿ ಈ ಕೂಟದಲ್ಲಿ ಕೊಳಲಿನದೇ ಹಟ. ತಂಬೂರಿ, ಸಿತಾರ, ತಬಲಾ ಎಲ್ಲರೂ ಕೊಳಲಿಗೆ ಹೊಂದಿಕೊಳ್ಳಬೇಕು.

ಸಮಸ್ಯೆ ಇರೋದು ಇಲ್ಲೇ. ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಹೇಳೋದಾದ್ರೆ, ಕಛೇರಿಯ ಬಾನ್ಸುರಿ ಹೆಚ್ಚಾಗಿ ‘ಬಿಳಿ ಮೂರು’. ಸಿತಾರಕ್ಕೆ ಹಿತವಾದದ್ದು ‘ಕರಿ ಒಂದು’ ಅಥವಾ ‘ಬಿಳಿ ಎರಡು’. ಸಿತಾರವನ್ನು ಬಿಳಿ ಮೂರಕ್ಕೆ ಎಳೆದರೆ ತಂತಿ ಹರಿಯುವ ಭಯ. ಆಗ ಕೊಳಲಿನವರು ಸಿತಾರಕ್ಕೆ ಹೊಂದುವ ಇನ್ನೂ ಉದ್ದದ ಕೊಳಲು ತೆಗೀತಾರ. ಕೊಳಲು ವಾದಕರು ಚೀಲದ ತುಂಬ ಕೊಳಲು ಹೊತ್ತು ಬರೋದು ಇದಕ್ಕೇ.

ಹವಾ ಕೂಡ ಆಟ ಆಡಸತೈತಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದರಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚಾಗುತ್ತದೆ. ಅದಕ್ಕೆ ಬ್ಯಾಸಿಗಿಯಲ್ಲಿ ಕೊಳಲಿನ ಶ್ರುತಿ ಏರತೈತಿ. ಲೋಹದ ತಂತಿ ಬಿಸಿಗೆ ಹಿಗ್ಗಿ ಸಡಿಲಾಗಿ ಶ್ರುತಿ ಇಳೀತೈತಿ. ಒಂದು ಮೇಲೆ, ಒಂದು ಕೆಳಗೆ. ಏಪ್ರಿಲ್, ಮೇ ತಿಂಗಳ ಕಛೇರಿಯಲ್ಲಿ ಸಿತಾರದವರು ನಡುನಡುವೆ ಬಿರಡೆ ತಿರುವೋದು ನೋಡಿದರೆ, ಅದು ಅವರ ತಪ್ಪಲ್ಲ, ಹವಾದ ಕೆಲಸ.

ಮೈಕ್ ಬಂತು, ಏನಾತು?

ಮೈಕ್ ಬರುವ ಮೊದಲು ದೊಡ್ಡ ಸಭೆ ಅಂದ್ರ ಕಲಾವಿದರಿಗೆ ಕಷ್ಟ. ಮೈಸೂರಿನ ಪಿಟೀಲು ವಿದ್ವಾಂಸ ಟಿ. ಚೌಡಯ್ಯ (1895–1967) ತಮ್ಮ ವಯೋಲಿನ್‌ಗೆ ನಾಲ್ಕರ ಬದಲು ಏಳು ತಂತಿ ಹಾಕಿಕೊಂಡಿದ್ದು ಹಿಂದಿನ ಸಾಲಿನವರಿಗೂ ನಾದ ಮುಟ್ಟಲಿ ಅಂತ. ಮೈಕ್ ಬಂದ ಮೇಲೆ ಆ ತೊಂದರೆ ತಪ್ಪಿತು. ಸಾವಿರ ಮಂದಿ ಒಮ್ಮೆಲೆ ಕೇಳುವಂಗಾಯ್ತು. ಇದು ಒಳ್ಳೆಯದೇ. ಗಂಗಜ್ಜಿಯ ದನಿ, ಭೀಮಸೇನರ ದನಿ ಸಾದಾ ಮಂದಿಗೆ ಮುಟ್ಟಿದ್ದು ಮೈಕ್ ಮತ್ತು ರೇಡಿಯೋದಿಂದ.

ಆಕಾಶವಾಣಿ ಧಾರವಾಡ ಶುರುವಾದದ್ದು 1950ರ ಜನವರಿ 8ರಂದು. ವಾಡೆಯ ಬಾಗಿಲು ದಾಟಲಾಗದ ಮಂದಿಯ ಮನೆಗೆ ಅದು ಬೈಠಕ್ ತಂತು. ವಾದ್ಯಗಾರರಿಗೆ ತಿಂಗಳ ಪಗಾರದ ನೌಕರಿಯೂ ಸಿಕ್ಕಿತು. ಇನ್ನೊಂದು ಸಂಗತಿ ಏನಂದ್ರ, 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ನಿಷೇಧ ಇತ್ತು. ಭಾರತೀಯ ಶ್ರುತಿಗೆ ಅದರ ಮನೆಗಳು ಹೊಂದೋದಿಲ್ಲ ಅನ್ನೋದು ಆಗಿನ ವಾದ. ಹಂಗಾಗಿ ಆ ಕಾಲದಲ್ಲಿ ರೇಡಿಯೋದಲ್ಲಿ ಹಾಡುವವರ ಪಕ್ಕದಲ್ಲಿ ಸಾರಂಗಿ, ವಯೋಲಿನ್‌ಗೆ ಜಾಗ ಇತ್ತು.

ಹೊರಗಿನ ಕಛೇರಿಗಳಲ್ಲಿ ಮಾತ್ರ ಲೆಕ್ಕ ಬೇರೆ ಆಯ್ತು. ಕಲಿಯೋದಕ್ಕೂ ಶ್ರುತಿ ಮಾಡೋದಕ್ಕೂ ಕಷ್ಟವಾದ ಸಾರಂಗಿಯ ಜಾಗಕ್ಕೆ ಹಾರ್ಮೋನಿಯಂ ಬಂತು. ಆಮೇಲೆ ತಂಬೂರಿಯ ಸರದಿ. 1970ರ ದಶಕದ ಕೊನೆಗೆ ಎಲೆಕ್ಟ್ರಾನಿಕ್ ತಂಬೂರಿ ಬಂತು. ಅದನ್ನು ರೂಪಿಸಿದ ಮೊದಲಿಗರಲ್ಲಿ ಒಬ್ಬರಾದ ಬೆಂಗಳೂರಿನ ಜಿ. ರಾಜ್ ನಾರಾಯಣ್ ಸ್ವತಃ ಕೊಳಲು ವಾದಕರು, ಎಂಜಿನಿಯರ್ ಕೂಡ. ಮನೆಯಲ್ಲಿ ಒಬ್ಬರೇ ಕೂತು ಅಭ್ಯಾಸ ಮಾಡುವವರಿಗೆ ಅದು ದೊಡ್ಡ ಅನುಕೂಲ. ಈಗ ಅದೂ ಬೇಡ, ಮೊಬೈಲ್ ಆ್ಯಪ್‌ನಲ್ಲೇ ತಂಬೂರಿ ಸಿಗತೈತಿ.

ಇದರಿಂದ ಏನು ಹೋತು? ಖರ್ಚು ಉಳೀತು ಅನ್ನೋದು ಖರೇ. ಆದರೆ ತಂಬೂರಿ ಹಿಡಿದು ಹಿಂದೆ ಕೂರುತ್ತಿದ್ದವರು ಯಾರು? ಶಿಷ್ಯರು. ಗುರುವಿನ ಬೆನ್ನ ಹಿಂದೆ ಎರಡು ಮೂರು ತಾಸು ಕೂತು, ಒಂದೊಂದು ತಾನು ಹೆಂಗೆ ಹುಟ್ಟತೈತಿ, ತಪ್ಪಿದರೆ ಹೆಂಗೆ ಸಂಭಾಳಿಸಬೇಕು ಅನ್ನೋದನ್ನ ಅವರು ಕಂಡಿದ್ದು ಅಲ್ಲೇ. ಅದಕ್ಕೆ ಫೀಜೂ ಇರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಮಷೀನ್ ಆ ಜಾಗದಲ್ಲಿ ಕೂತ ಮೇಲೆ ಶಿಷ್ಯ ಎದ್ದು ಕೇಳುಗರ ನಡುವೆ ಹೋದ. ಎಷ್ಟೋ ಸಲ ಬರೋದನ್ನೇ ಬಿಟ್ಟ.

ಖೋಲಿ ಸಂಗೀತದಲ್ಲಿ ಒಬ್ಬೊಬ್ಬರದು ಒಂದೊಂದು ಪಾಲು ಅಂತ ಮೊದಲೇ ಹೇಳಿದ್ದು ಇದಕ್ಕೇ. ಐದು ಜಾಗ ಮೂರಾದರೆ, ಮುಂದಿನ ತಲೆಮಾರಿನಲ್ಲಿ ಕಲಿತು ಬರುವ ಇಬ್ಬರು ಕಡಿಮೆ.

ಕಲಿಯುವ ಮಕ್ಕಳಿಗೆ ದಾರಿ ಎಲ್ಲಿ?

ದಾರಿ ಮುಚ್ಚಿಲ್ಲ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಮಹಾವಿದ್ಯಾಲಯ ಇದೆ. ಹುಬ್ಬಳ್ಳಿಯ ಉಣಕಲ್ ಹತ್ತಿರ ಡಾ. ಗಂಗೂಬಾಯಿ ಹಾನಗಲ್ ಗುರುಕುಲ ಇದೆ, ಅಲ್ಲಿ ಶಿಷ್ಯರು ಗುರುಗಳ ಸಂಗಡ ಇದ್ದು ಕಲಿಯುವ ಪದ್ಧತಿ. ಗದಗದ ವೀರೇಶ್ವರ ಪುಣ್ಯಾಶ್ರಮ ಪಂಚಾಕ್ಷರ ಗವಾಯಿಗಳ (1892–1944) ಕಾಲದಿಂದ ಅಂಧ ಮಕ್ಕಳಿಗೆ ಹಾಡು, ವಾದ್ಯ ಕಲಿಸುತ್ತ ಬಂದಿದೆ. ಪುಟ್ಟರಾಜ ಗವಾಯಿಗಳು (1914–2010) ಸ್ವತಃ ಹಲವು ವಾದ್ಯ ಬಲ್ಲವರು.

ಅಂದ್ರ ಕಲಿಸುವ ಜಾಗ ಇದಾವ. ಕಡಿಮೆ ಇರೋದು ಕಲಿತ ಮೇಲೆ ನುಡಿಸುವ ಜಾಗ. ದೊಡ್ಡ ಉತ್ಸವಗಳಲ್ಲಿ ಹೆಸರಾದವರಿಗೆ ಮಾತ್ರ ವೇದಿಕೆ. ಇಪ್ಪತ್ತು, ಇಪ್ಪತ್ತೆರಡು ವರ್ಷದ ಹುಡುಗ ಹುಡುಗಿ ಮೊದಲ ಸಲ ಒಂದು ತಾಸು ನುಡಿಸಬೇಕಂದ್ರ ಬೇಕಾಗೋದು ಐವತ್ತು ಮಂದಿಯ ಖೋಲಿ. ಹಿಂದೆ ಅದನ್ನ ವಾಡೆಯವರು ಕೊಟ್ಟರು. ಈಗ ವಾಡೆ ಇಲ್ಲ, ಇದ್ದರೂ ಕಾಲ ಬೇರೆ. ಕೊಡುವವರು ಈಗ ಊರವರೇ ಆಗಬೇಕು.

ಪರವಾನಗಿ ಬೇಕಾ?

ಇದು ಎಲ್ಲರೂ ಕೇಳುವ ಪ್ರಶ್ನೆ. ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು ಜಾರಿಗೆ ಬಂದದ್ದು 2000ರಲ್ಲಿ. ಅದರ ಮುಖ್ಯ ಅಂಶ ಇಷ್ಟು:

- ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ.
- ವ್ಯಾಪಾರ ಪ್ರದೇಶದಲ್ಲಿ ಹಗಲು 65, ರಾತ್ರಿ 55.
- ಲೌಡ್‌ಸ್ಪೀಕರ್ ಹಚ್ಚಬೇಕಂದ್ರ ಅಧಿಕಾರಿಗಳ ಲಿಖಿತ ಅನುಮತಿ ಕಡ್ಡಾಯ.
- ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಲೌಡ್‌ಸ್ಪೀಕರ್, ವಾದ್ಯ ಯಾವುದೂ ಬಯಲಿನಲ್ಲಿ ನಡೆಯುವಂತಿಲ್ಲ. ಸಭಾಂಗಣ, ಸಮುದಾಯ ಭವನದಂಥ ಮುಚ್ಚಿದ ಕಟ್ಟಡದ ಒಳಗೆ ವಿನಾಯಿತಿ ಇದೆ.

ಮೈಕ್ ಇಲ್ಲದ ಬೈಠಕ್‌ಗೆ ಲೌಡ್‌ಸ್ಪೀಕರ್ ಅನುಮತಿಯ ಓಡಾಟ ಬೇಕಾಗಲ್ಲ. ಜಾಗ ಯಾರದೋ ಅವರ ಒಪ್ಪಿಗೆ ಸಾಕು. ಸಂಜೆ ಆರಕ್ಕೆ ಶುರು ಮಾಡಿ ಒಂಬತ್ತಕ್ಕೆ ಮುಗಿಸಿದರೆ ಬಾಜೂ ಮನೆಯವರ ತಕರಾರೂ ಇಲ್ಲ.

ನಮ್ಮೂರಾಗ ಮಾಡಬೇಕಂದ್ರ ಏನೇನು ಬೇಕು?

ಜಾಗ: ಗುಡಿಯ ಪ್ರಾಂಗಣದ ಖೋಲಿ, ಶಾಲೆಯ ಕೊಠಡಿ, ದೊಡ್ಡ ಮನೆಯ ಪಡಸಾಲೆ, ಮಾಲು ಖಾಲಿ ಇರುವ ಗೋದಾಮು ಯಾವುದಾದ್ರೂ ನಡೀತೈತಿ. ರಸ್ತೆಗೆ ಹತ್ತಿಕೊಂಡಿರಬಾರದು. ತಗಡಿನ ಶೆಡ್ ಬೇಡ, ಮಳಿ ಹನಿ ಬಿದ್ದರೆ ಕೊಳಲು ಕೇಳೋದಿಲ್ಲ.

ನೆಲ: ಬರೇ ಫರ್ಸಿ ಅಥವಾ ಟೈಲ್ಸ್ ಇದ್ದರೆ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಕಲಸಿ ಹೋಗತೈತಿ. ದಪ್ಪ ಜಮಖಾನ ಹಾಸಿದರೆ ಅದು ತಪ್ಪತೈತಿ. ಜಮಖಾನಕ್ಕ ದೂರ ಹೋಗಬೇಕಾಗಿಲ್ಲ, ನಮ್ಮ ಜಿಲ್ಲೆಯ ನವಲಗುಂದದ ಜಮಖಾನಕ್ಕೇ ಜಿಐ ಟ್ಯಾಗ್ ಐತಿ. ಮಂದಿ ಕೂತ ಮೇಲೆ ಅವರ ಮೈ, ಅರಿಬಿಯೂ ಗದ್ದಲ ಹೀರತಾವ.

ಕೂರುವ ಕ್ರಮ: ಕೊಳಲು, ಸಿತಾರ ನಡುವೆ, ತಬಲಾ ಅವರ ಬಲಕ್ಕೆ, ತಂಬೂರಿ ಹಿಂದೆ. ಎತ್ತರದ ವೇದಿಕೆ ಬೇಡ, ಒಂದು ಗೇಣು ಎತ್ತರದ ಮಣೆ ಅಥವಾ ಗಾದಿ ಸಾಕು. ಮೊದಲ ಸಾಲು ಆರು ಅಡಿ ದೂರದಲ್ಲಿ ಇರಲಿ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು 6 ಡೆಸಿಬಲ್ ಇಳೀತೈತಿ. ಖೋಲಿಯಲ್ಲಿ ಗೋಡೆಗಳು ಒಂದಿಷ್ಟು ಹಿಡಿದು ಕೊಡ್ತಾವ, ಆದರೂ ಹತ್ತಿರ ಇದ್ದಷ್ಟು ಚಲೋ.

ಹೊತ್ತು: ರಾಗಕ್ಕೆ ಹೊತ್ತು ಇರುತ್ತದೆ. ಮುಂಜಾನೆ ಭೈರವ, ನಡುಮಧ್ಯಾಹ್ನ ಸಾರಂಗ, ಇಳಿಹೊತ್ತಿಗೆ ಭೀಮಪಲಾಸ, ದೀಪ ಹಚ್ಚೋ ಹೊತ್ತಿಗೆ ಯಮನ್. ಅಂಗಡಿಯವರಿಗೆ ಅಂಗಡಿ ಬಂದ್ ಇರುವ ವಾರದ ದಿನ ಇಳಿಹೊತ್ತು ಅನುಕೂಲ. ಕಲಾವಿದರನ್ನು ಕರೆಯುವಾಗಲೇ ಹೊತ್ತು ಹೇಳಿದರೆ ಅವರು ಅದಕ್ಕೆ ತಕ್ಕ ರಾಗ ಇಟ್ಟುಕೊಂಡು ಬರ್ತಾರ.

ಖರ್ಚು: ಕಲಾವಿದರ ಗೌರವಧನ, ಹೋಗಿ ಬರುವ ವಾಹನ, ಚಾ, ಊಟ ಇಷ್ಟೇ ಬಾಬತ್ತು. ಸ್ಪೀಕರ್, ಲೈಟಿಂಗ್, ಪೆಂಡಾಲ್, ಫ್ಲೆಕ್ಸ್ ಖರ್ಚು ಇಲ್ಲ. ಹತ್ತು ಅಂಗಡಿಯವರು ಪಟ್ಟಿ ಹಾಕಿದರೆ ಒಬ್ಬರ ಮೇಲೆ ಭಾರ ಬೀಳಲ್ಲ. ಒಂದು ಮಾತು ಮರೀಬಾರದು: ತಬಲಾದವರಿಗೂ ತಂಬೂರಿ ಹಿಡಿದ ಹುಡುಗನಿಗೂ ಲಕೋಟೆ ಇರಲಿ. ಹಾರ, ಶಾಲು ಮುಖ್ಯ ಕಲಾವಿದರಿಗೆ ಮಾತ್ರ ಸಿಗೋದರಿಂದ ಉಳಿದವರು ಬರಿಗೈಲೆ ಹೋಗೋ ಉದಾಹರಣೆ ಸಾಕಷ್ಟಿದಾವ.

ತಂಬೂರಿ: ಕರೆಯುವಾಗಲೇ ಖರೇ ತಂಬೂರಿ ತರಲು, ಜೊತೆಗೆ ಒಬ್ಬ ವಿದ್ಯಾರ್ಥಿಯನ್ನು ಕರೆದುಕೊಂಡು ಬರಲು ಹೇಳ್ರಿ. ಒಂದು ತಂಬೂರಿ ಹೆಚ್ಚಾದರೆ ಗಾಡಿಯಲ್ಲಿ ಒಂದು ಸೀಟು ಹೆಚ್ಚು ಅಷ್ಟೇ.

ಕೇಳುವವರು: ಫೋನ್ ಸೈಲೆಂಟ್. ನುಡಿಸುವಾಗ ಫ್ಯಾನ್ ಬಂದ್. ಮೊದಲಿನ ಆಲಾಪದಲ್ಲಿ ತಾಳ ಇರಲ್ಲ, ಅದು ನಿಧಾನ. ಹತ್ತು ನಿಮಿಷ ತಡಕೊಳ್ಳಬೇಕು. ತಬಲಾ ಬಂದ ಮೇಲೆ ಹದಿನಾರು ಮಾತ್ರೆಯ ತೀನ್‌ತಾಳ ಶುರುವಾಗತೈತಿ. ಬೆರಳ ಮೇಲೆ ಎಣಿಸುತ್ತ ಹೋದರೆ ಮೊದಲನೇ ಮಾತ್ರೆ, ಅಂದ್ರ ‘ಸಮ್’ಗೆ ಎಲ್ಲರೂ ಒಟ್ಟಿಗೆ ಬಂದು ಬೀಳೋದು ಯಾರಿಗಾದ್ರೂ ಗೊತ್ತಾಗತೈತಿ. ಅದಕ್ಕೆ ಸಂಗೀತ ಕಲಿತಿರಬೇಕಾಗಿಲ್ಲ. ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕು. ಸಿತಾರದ ಕೆಳಗಿನ ತಂತಿ ತಾನೇ ನಡುಗೋದನ್ನ ಅವರು ಕಣ್ಣಾರೆ ನೋಡಬೇಕು.

ಕೊನೆಗೆ

ಧಾರವಾಡದೊಳಗೆ ‘ಹೆಬ್ಬಳ್ಳಿ ಅಗಸಿ’ ಅಂತ ಓಣಿ ಐತಿ. ಹೆಬ್ಬಳ್ಳಿಯ ಕಡೆ ಹೋಗುವ ಊರ ಬಾಗಿಲು ಅಂತ ಆ ಹೆಸರು. ಅದರ ಆ ಕಡೆ ಇರುವ ಹಳ್ಳಿಗಳಿಗೆ ಸಂಗೀತ ಹೋಗಬಾರದು ಅಂತ ಯಾರೂ ಬಾಗಿಲು ಹಾಕಿಲ್ಲ. ಮಲ್ಲಿಕಾರ್ಜುನ ಮನ್ಸೂರರು (1910–1992) ಬಂದದ್ದು ಧಾರವಾಡ ಹತ್ತಿರದ ಮನಸೂರಿನಿಂದ, ಬಸವರಾಜ ರಾಜಗುರುಗಳು ಕುಂದಗೋಳ ತಾಲೂಕಿನ ಯಲಿವಾಳದಿಂದ. ಇಬ್ಬರೂ ಹಳ್ಳಿಯವರೇ.

ದೊಡ್ಡ ಕಲಾವಿದರ ಹೆಸರಿನಲ್ಲಿ ಭವನ, ಪುತ್ಥಳಿ, ರಸ್ತೆ ಎಲ್ಲ ಆಗಿದಾವ. ಅವರು ನುಡಿಸಿ, ಹಾಡಿ ಬೆಳೆದಂಥ ಖೋಲಿ ಮಾತ್ರ ಕಡಿಮೆ ಆಗ್ಯಾವ. ಒಂದು ಖೋಲಿ ಗುಡಿಸಿ ಜಮಖಾನ ಹಾಸೋದು ಸರ್ಕಾರದ ಅನುದಾನಕ್ಕೆ ಕಾಯುವ ಕೆಲಸ ಅಲ್ಲ. ವರ್ಷಕ್ಕೆ ಎರಡು ಸಲ ಒಂದು ಊರಾಗ ನಡೆದರೂ, ಸಿತಾರ ಕಲಿತ ಒಬ್ಬ ಹುಡುಗಿಗೆ, ಕೊಳಲು ಹಿಡಿದ ಒಬ್ಬ ಹುಡುಗನಿಗೆ, ಹಿಂದೆ ತಂಬೂರಿ ಹಿಡಿದು ಕೂರುವ ಒಬ್ಬ ವಿದ್ಯಾರ್ಥಿಗೆ ಜಾಗ ಸಿಗತೈತಿ.